ಫ್ಯಾಲಸಿಗಳ ಹೆಸರೆಲ್ಲಾ ಗೊತ್ತು, ಆದ್ರೂ ನಾನೇ ಯಾಕೆ ತಪ್ಪು ಮಾಡ್ತೀನಿ?

ಪ್ರಶ್ನೆ: ಸರ್, ಸ್ವಲ್ಪ ಸಮಯದಿಂದ ಲಾಜಿಕಲ್ ಫ್ಯಾಲಸಿಗಳ, ಅಂದ್ರೆ ವಾದ ಮಾಡುವಾಗ ಆಗೋ ತಪ್ಪುಗಳ ಬಗ್ಗೆ ತುಂಬಾ ಓದಿದೀನಿ, ವಿಡಿಯೋ ನೋಡಿದೀನಿ. ಆಡ್ ಹಾಮಿನೆಮ್ (ವಾದ ಬಿಟ್ಟು ವ್ಯಕ್ತಿಯನ್ನ ಬೈಯೋದು), ಸ್ಟ್ರಾ ಮ್ಯಾನ್ (ಎದುರಿನವರ ಮಾತನ್ನ ತಿರುಚಿ ಅದನ್ನ ಒಡೆಯೋದು), ಕನ್ಫರ್ಮೇಶನ್ ಬಯಾಸ್ (ನಂಬಿದ್ದಕ್ಕೆ ಹೊಂದೋದನ್ನಷ್ಟೇ ಹುಡುಕೋ ವಾಲಿಕೆ) ಎಲ್ಲಾ ಬಾಯಿಪಾಠ. ನಮ್ಮಣ್ಣನ ಜೊತೆ ಮಾತಾಡುವಾಗ "ನೋಡು, ನೀನೀಗ ಮಾಡಿದ್ದು ಈ ಫ್ಯಾಲಸಿ" ಅಂತ ತೋರಿಸ್ತೀನಿ, ಅವನಿಗೆ ಸಿಟ್ಟು ಬರುತ್ತೆ ಅಷ್ಟೇ, ಒಪ್ಪೋದಂತೂ ಇಲ್ಲ. ನೆಗಡಿ ಬಂದಾಗ ಅವನು ತಗೊಳ್ಳೋ ಒಂದು ಮಾತ್ರೆಯಿಂದಾನೇ ಒಂದು ವಾರದಲ್ಲಿ ವಾಸಿ ಆಗುತ್ತೆ ಅಂತ ಅವನ ವಾದ. ಆದ್ರೆ ಮೊನ್ನೆ ಒಬ್ಬಳು ಫ್ರೆಂಡ್ ನನ್ನನ್ನೇ ಹಿಡಿದ್ಲು. ಕಾಲೇಜು ಅರ್ಧಕ್ಕೆ ಬಿಟ್ಟು ದೊಡ್ಡ ಕಂಪನಿ ಕಟ್ಟಿದವರ ಹೆಸರೆಲ್ಲಾ ಹೇಳ್ತಾ ನಾನೂ ಡಿಗ್ರಿ ಬಿಡೋ ಮಾತಾಡ್ತಿದ್ದೆ. ಹೆಸರು ಗೊತ್ತಿದ್ದೂ ನನಗೆ ಯಾಕೆ ಹೊಳೀಲಿಲ್ಲ? ನಮ್ಮ ತಲೆಯೊಳಗಿನ ತಪ್ಪನ್ನ ನಾವೇ ಹಿಡಿಯೋಕೆ ದಾರಿ ಇದೆಯಾ?

ಉತ್ತರ: ದಾರಿ ಇದೆ, ಆದ್ರೆ ಅದು ಹೆಸರುಗಳ ಪಟ್ಟಿ ಉದ್ದ ಮಾಡೋದ್ರಲ್ಲಿ ಇಲ್ಲ. ನಿಮ್ಮ ಪ್ರಶ್ನೆಯಲ್ಲಿ ನನಗೆ ಇಷ್ಟ ಆಗಿದ್ದು ಕೊನೆ ಸಾಲು, ಯಾಕಂದ್ರೆ ನನಗೆ ಬರೋ ಪ್ರಶ್ನೆಗಳಲ್ಲಿ ಹೆಚ್ಚಿನವು "ಎದುರಿನವರ ತಪ್ಪು ಹೇಗೆ ತೋರಿಸೋದು" ಅಂತಾನೇ ಇರ್ತವೆ, "ನನ್ನ ತಪ್ಪು ನನಗೆ ಹೇಗೆ ಕಾಣ್ಬೇಕು" ಅಂತ ಕೇಳೋರು ಕಮ್ಮಿ.

ಮೊದಲು ಅಣ್ಣನ ವಿಷಯ. ನಮ್ಮ ಹಳೇ ನ್ಯಾಯಶಾಸ್ತ್ರದವರು (ಕೋರ್ಟಿನ ನ್ಯಾಯ ಅಲ್ಲ, ತರ್ಕದ ಶಾಸ್ತ್ರ) ಚರ್ಚೆಯನ್ನ ಮೂರು ಥರ ಮಾಡಿದ್ರು: ವಾದ, ಜಲ್ಪ, ವಿತಂಡ. ನಿಜ ಏನು ಅಂತ ತಿಳ್ಕೊಳ್ಳೋಕೆ ಇಬ್ಬರೂ ಸೇರಿ ಮಾಡೋದು ವಾದ, ಗೆಲ್ಲೋದಕ್ಕೆ ಮಾಡೋದು ಜಲ್ಪ, ತನ್ನದು ಅಂತ ಏನನ್ನೂ ಮುಂದಿಡದೆ ಎದುರಿನವರು ಹೇಳಿದ್ದನ್ನ ಒಡೆದು ಹಾಕೋದಷ್ಟೇ ಮಾಡಿದ್ರೆ ವಿತಂಡ. ಫ್ಯಾಲಸಿ ಹೆಸರು ಹೇಳಿ ಸುಮ್ಮನಾಗೋದು ಮೂರನೇದಕ್ಕೆ ಬಹಳ ಹತ್ತಿರ ಬರುತ್ತೆ. ಅಣ್ಣನ ವಾದದಲ್ಲಿ ತಪ್ಪಿದೆ ಅಂದ್ರೆ ಆ ವಾದ ಸಾಲದು ಅಂತಷ್ಟೇ ಅರ್ಥ, ಅವರು ಹೇಳಿದ ಮಾತೇ ಸುಳ್ಳು ಅಂತಲ್ಲ. ಒಬ್ಬ ಕೆಟ್ಟ ಕಾರಣ ಕೊಟ್ಟು ನಿಜವನ್ನೇ ಹೇಳಬಹುದು, ಇನ್ನೊಬ್ಬ ಬಹಳ ಅಚ್ಚುಕಟ್ಟಾಗಿ ವಾದ ಮಾಡಿ ಸುಳ್ಳಿಗೆ ಬಂದು ನಿಲ್ಲಬಹುದು. ಇನ್ನು ಆಡ್ ಹಾಮಿನೆಮ್ ಅಂತ ಬೋರ್ಡ್ ಹಾಕೋ ಮುಂಚೆ ಇದನ್ನೂ ನೋಡಿ, ಒಂದು ಔಷಧಿ ಚೆನ್ನಾಗಿದೆ ಅನ್ನೋರಿಗೆ ಆ ಔಷಧಿ ಮಾರಾಟದಲ್ಲಿ ಪಾಲಿದ್ರೆ ಅದನ್ನ ಕೇಳೋದು ತಪ್ಪಲ್ಲ, ಅವರ ಮಾತಿನ ಮೇಲೆ ಎಷ್ಟು ಭರವಸೆ ಇಡಬೇಕು ಅನ್ನೋದಕ್ಕೆ ಅದು ಬೇಕೇ ಬೇಕು. ಅವರು ಕೊಟ್ಟ ಲೆಕ್ಕ ಮುಂದೆ ಇರುವಾಗ ಅದನ್ನ ನೋಡದೆ ವ್ಯಕ್ತಿಯನ್ನ ಬೈದು ತಳ್ಳಿಹಾಕಿದ್ರೆ ಮಾತ್ರ ತಪ್ಪು.

ಸರಿ, ಈಗ ತಲೆಯೊಳಗಿನ ವಿಷಯಕ್ಕೆ ಬರೋಣ, ನಿಜವಾದ ಕೆಲಸ ಇರೋದು ಅಲ್ಲೇ.

ಒಂದು ಆಟ ಇದೆ, ಮನೇಲಿ ಯಾರ ಜೊತೆ ಬೇಕಾದ್ರೂ ಆಡಿ ನೋಡಿ. 2, 4, 6 ಅಂತ ಮೂರು ಸಂಖ್ಯೆ ಕೊಡಿ. ಇದರ ಹಿಂದೆ ಒಂದು ನಿಯಮ ಇದೆ, ಅದನ್ನ ಕಂಡುಹಿಡೀಬೇಕು, ಅದಕ್ಕೆ ನಿಮಗೆ ತೋಚಿದ ಮೂರು ಮೂರು ಸಂಖ್ಯೆ ಹೇಳ್ತಾ ಹೋಗಿ, ನಿಯಮಕ್ಕೆ ಹೊಂದುತ್ತೋ ಇಲ್ಲವೋ ನಾನು ಹೇಳ್ತೀನಿ, ಖಾತ್ರಿ ಆದ್ಮೇಲೆ ನಿಯಮ ಹೇಳಿ ಅನ್ನಿ. ಏನಾಗುತ್ತೆ ಗೊತ್ತಾ, 8, 10, 12 ಅಂತಾರೆ. ಹೌದು. 20, 22, 24. ಹೌದು. 100, 102, 104. ಹೌದು. ಮುಖ ಅರಳುತ್ತೆ, "ಎರಡೆರಡು ಜಾಸ್ತಿ ಆಗ್ತಾ ಹೋಗೋ ಸಂಖ್ಯೆಗಳು" ಅಂತಾರೆ. ತಪ್ಪು. ನಿಯಮ ಇದ್ದಿದ್ದು ಇಷ್ಟೇ, ಪ್ರತಿ ಸಂಖ್ಯೆ ಹಿಂದಿನದಕ್ಕಿಂತ ದೊಡ್ಡದಾಗಿರಬೇಕು. 1, 2, 50 ಅಂದಿದ್ರೂ ಹೌದು ಅಂತಾನೇ ಉತ್ತರ ಬರ್ತಿತ್ತು, ಆದ್ರೆ ಕೇಳೋದಿಲ್ಲ, ಯಾಕಂದ್ರೆ ಅದು ಅವರು ಮನಸ್ಸಲ್ಲಿ ಇಟ್ಕೊಂಡಿರೋ ನಿಯಮವನ್ನ ಮುರಿಯೋ ಪ್ರಶ್ನೆ. ಪೀಟರ್ ವೇಸನ್ ಅನ್ನೋ ಮನಶ್ಶಾಸ್ತ್ರಜ್ಞ ಲಂಡನ್ನಿನಲ್ಲಿ ಇದನ್ನ ಮಾಡಿಸಿ 1960ರಲ್ಲಿ ಪ್ರಕಟಿಸಿದ್ರು, 29 ಜನರಲ್ಲಿ ಮೊದಲ ಸಲಕ್ಕೇ ಸರಿ ನಿಯಮ ಹೇಳಿದವರು 6 ಜನ ಮಾತ್ರ.

ಇಲ್ಲಿ ಗಮನಿಸಬೇಕಾದ್ದು ಏನಂದ್ರೆ ಯಾರೂ ಹಠ ಮಾಡ್ತಿಲ್ಲ, ಯಾರಿಗೂ 2, 4, 6ರ ಮೇಲೆ ಪ್ರೀತಿ ಇಲ್ಲ, ಮರ್ಯಾದೆ ಪ್ರಶ್ನೆನೂ ಅಲ್ಲ. ಆದ್ರೂ "ಹೌದು" ಅಂತ ಬರೋ ಕಡೆಗೇ ಕೈ ಹೋಗುತ್ತೆ. ಹಾಗಾಗಿ ಕನ್ಫರ್ಮೇಶನ್ ಬಯಾಸ್ ಅಂದ ತಕ್ಷಣ ಮೊಂಡುತನ ಅಂತ ಅಂದ್ಕೋಬೇಡಿ. ನಮ್ಮ ಹುಡುಕಾಟ ಹೋಗೋ ದಿಕ್ಕೇ ಹಾಗಿದೆ.

ನನ್ನ ಪ್ರಕಾರ ದಿನನಿತ್ಯದ ತಪ್ಪುಗಳಲ್ಲಿ ದೊಡ್ಡ ಪಾಲು ಇದೊಂದೇ ಜಾಗದಿಂದ ಬರುತ್ತೆ: ಕಣ್ಣ ಮುಂದೆ ಇರೋದನ್ನ ಲೆಕ್ಕ ಹಾಕ್ತೀವಿ, ಕಣ್ಣ ಮುಂದೆ ಬರದೇ ಇರೋದನ್ನ ಲೆಕ್ಕಕ್ಕೇ ತಗೊಳ್ಳಲ್ಲ. ಪುಸ್ತಕಗಳಲ್ಲಿ ಇದಕ್ಕೆ ಬೇರೆ ಬೇರೆ ಹೆಸರು ಇರ್ತವೆ, ಅದರಿಂದ ಬೇರೆ ಬೇರೆ ಕಾಯಿಲೆ ಥರ ಕಾಣ್ಸುತ್ತೆ.

ಅಣ್ಣನ ಮಾತ್ರೆ ತಗೊಳ್ಳಿ. ಒಂದು ಹಾಳೆ ಮೇಲೆ ನಾಲ್ಕು ಮನೆ ಬರೀರಿ. ಮಾತ್ರೆ ತಗೊಂಡೆ, ವಾಸಿ ಆಯ್ತು. ಮಾತ್ರೆ ತಗೊಂಡೆ, ವಾಸಿ ಆಗ್ಲಿಲ್ಲ. ತಗೊಳ್ಲಿಲ್ಲ, ವಾಸಿ ಆಯ್ತು. ತಗೊಳ್ಲಿಲ್ಲ, ಆಗ್ಲಿಲ್ಲ. ನಿಮ್ಮಣ್ಣನ ನೆನಪಲ್ಲಿ ಇರೋದು ಮೊದಲನೇ ಮನೆ ಮಾತ್ರ, ಅದೂ ಬಹಳ ಗಟ್ಟಿಯಾಗಿ. ಮೂರನೇ ಮನೆ, ಅಂದ್ರೆ ಏನೂ ತಗೊಳ್ದೆ ತಾನಾಗೇ ಹೋದ ನೆಗಡಿಗಳು, ಅವುಗಳನ್ನ ಯಾರೂ ನೆನಪಿಟ್ಕೊಳ್ಳಲ್ಲ, ಯಾಕಂದ್ರೆ ಅಲ್ಲಿ ಹೇಳೋಕೆ ಕತೆನೇ ಇಲ್ಲ. ಸಾಮಾನ್ಯ ನೆಗಡಿ ಹೆಚ್ಚಿನವರಿಗೆ ಏಳರಿಂದ ಹತ್ತು ದಿನದಲ್ಲಿ ಹೇಗಿದ್ರೂ ಇಳಿಯುತ್ತೆ. ಕಾಗೆ ಕೂರೋದಕ್ಕೂ ಹಣ್ಣು ಬೀಳೋದಕ್ಕೂ ಸರಿ ಹೋಯ್ತು ಅಂತ ನಾವೇ ಕಾಕತಾಳೀಯ ಅಂತೀವಲ್ಲ, ಕಾಗೆ ಕೂತಿದ್ದೂ ಹಣ್ಣು ಬೀಳದ ಸಲ ಎಷ್ಟು, ಕಾಗೆ ಇಲ್ಲದೇ ಬಿದ್ದಿದ್ದು ಎಷ್ಟು ಅಂತ ಎಣಿಸಿದ್ರೆ ಮಾತ್ರ ಹಾಗೆ ಹೇಳೋಕಾಗೋದು.

ಈ ನಾಲ್ಕು ಮನೆ ಲೆಕ್ಕ ಓದೋದು ನೋಡೋಕೆ ಸುಲಭ, ಆದ್ರೆ ಎಂಥವರೂ ಎಡವುತ್ತಾರೆ. ಯೇಲ್ ವಿಶ್ವವಿದ್ಯಾಲಯದ ಡ್ಯಾನ್ ಕಹಾನ್ ಮತ್ತೆ ಅವರ ಜೊತೆಗಾರರು 2013ರಲ್ಲಿ ಸುಮಾರು 1,100 ಜನ ಅಮೆರಿಕನ್ನರ ಮುಂದೆ ಇಂಥ ಲೆಕ್ಕ ಇಟ್ಟರು. ಚರ್ಮದ ಗುಳ್ಳೆಗೆ ಒಂದು ಹೊಸ ಕ್ರೀಮ್. ಕ್ರೀಮ್ ಹಚ್ಚಿದವರಲ್ಲಿ 223 ಜನಕ್ಕೆ ಕಮ್ಮಿ ಆಯ್ತು, 75 ಜನಕ್ಕೆ ಜಾಸ್ತಿ ಆಯ್ತು. ಹಚ್ಚದವರಲ್ಲಿ 107 ಜನಕ್ಕೆ ಕಮ್ಮಿ ಆಯ್ತು, 21 ಜನಕ್ಕೆ ಜಾಸ್ತಿ ಆಯ್ತು. ಕ್ರೀಮ್ ಒಳ್ಳೇದಾ ಕೆಟ್ಟದ್ದಾ? ಮುಂದೆ ಓದೋ ಮುಂಚೆ ಒಂದ್ನಿಮಿಷ ನೀವೇ ಹೇಳಿ.

223 ಅನ್ನೋ ದೊಡ್ಡ ಸಂಖ್ಯೆ ಕಣ್ಣಿಗೆ ಹೊಡೆಯುತ್ತೆ, ಕ್ರೀಮ್ ಕೆಲಸ ಮಾಡ್ತಿದೆ ಅನ್ಸುತ್ತೆ. ಭಾಗಿಸಿ ನೋಡಿ, ಹಚ್ಚಿದ 298 ಜನರಲ್ಲಿ ಕಮ್ಮಿ ಆಗಿದ್ದು ನೂರಕ್ಕೆ 75, ಹಚ್ಚದ 128 ಜನರಲ್ಲಿ ನೂರಕ್ಕೆ ಸುಮಾರು 84. ಅಂದ್ರೆ ಸುಮ್ಮನೆ ಬಿಟ್ಟವರೇ ಚೆನ್ನಾಗಿದ್ರು. ಆ ಅಧ್ಯಯನದಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ತಪ್ಪು ಉತ್ತರ ಕೊಟ್ಟರು. ಲೆಕ್ಕದಲ್ಲಿ ಚುರುಕಾಗಿದ್ದವರು ಸರಿ ಹೇಳಿದ್ದು ಜಾಸ್ತಿ, ಅದು ಸಹಜ. ಈ ಕತೆಗೆ ಎರಡನೇ ಭಾಗ ಇದೆ, ನಿಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಪಟ್ಟಿದ್ದು, ಅದಕ್ಕೆ ಆಮೇಲೆ ಬರ್ತೀನಿ.

ಈಗ ನಿಮ್ಮ ಡಿಗ್ರಿ. ಎರಡು ಸಾವಿರ ವರ್ಷಕ್ಕೂ ಹಿಂದಿನ ಒಂದು ರೋಮನ್ ಬರಹದಲ್ಲಿ ಡಯಾಗೊರಸ್ ಅನ್ನೋ ಗ್ರೀಕ್ ನಾಸ್ತಿಕನ ಪ್ರಸಂಗ ಬರುತ್ತೆ. ಸಾಮೊಥ್ರೇಸ್ ದ್ವೀಪದಲ್ಲಿ ಒಬ್ಬ ಸ್ನೇಹಿತ ಅವನಿಗೆ ಚಿತ್ರಗಳನ್ನ ತೋರಿಸ್ತಾನೆ, ದೇವರಿಗೆ ಹರಕೆ ಹೊತ್ತು ಸಮುದ್ರದ ಬಿರುಗಾಳಿಯಿಂದ ಬದುಕಿ ಬಂದವರು ಅರ್ಪಿಸಿದ ಚಿತ್ರಗಳು, ನೋಡು ಎಷ್ಟೊಂದು ಇವೆ, ದೇವರು ಕಾಪಾಡಲ್ಲ ಅಂತೀಯಲ್ಲ ಅಂತ. ಮುಳುಗಿ ಹೋದವರ ಚಿತ್ರ ಎಲ್ಲೂ ಇಲ್ವಲ್ಲ ಅಂತಾನೆ ಇವನು. ಸರ್ವೈವರ್‌ಶಿಪ್ ಬಯಾಸ್ ಅನ್ನೋದು ಪೂರ್ತಿ ಇಷ್ಟೇ. ಕಾಲೇಜು ಬಿಟ್ಟು ಗೆದ್ದವರ ಸಂದರ್ಶನ ಬರುತ್ತೆ, ಬಿಟ್ಟು ಸೋತವರನ್ನ ಯಾರೂ ಸಂದರ್ಶನ ಮಾಡಲ್ಲ, ಡಿಗ್ರಿ ಮುಗಿಸಿ ಕಂಪನಿ ಕಟ್ಟಿದವರ ಬಗ್ಗೆ ಬರೆಯುವಾಗ ಡಿಗ್ರಿ ಮುಗಿಸಿದ್ರು ಅನ್ನೋದು ಸುದ್ದಿನೇ ಆಗಲ್ಲ. ನಾಲ್ಕರಲ್ಲಿ ಒಂದು ಮನೆಗೆ ಮಾತ್ರ ದೀಪ ಹಾಕಿದ್ದಾರೆ. ಡಿಗ್ರಿ ಬಿಡಬೇಕೋ ಬೇಡವೋ ಅಂತ ನಾನು ಹೇಳ್ತಿಲ್ಲ, ನಿಮ್ಮ ಹತ್ರ ಬೇರೆ ಒಳ್ಳೆ ಕಾರಣಗಳು ಇರಬಹುದು. ಈ ಪಟ್ಟಿಯಿಂದ ಮಾತ್ರ ಯಾವ ಉತ್ತರವೂ ಸಿಗಲ್ಲ.

ಇದೇ ತಪ್ಪು ಡಾಕ್ಟರುಗಳ ಹತ್ರಾನೂ ಆಗುತ್ತೆ. 1978ರಲ್ಲಿ ಹಾರ್ವರ್ಡ್ ಮೆಡಿಕಲ್ ಸ್ಕೂಲಿನ ಆಸ್ಪತ್ರೆಗಳಲ್ಲಿ 60 ಜನ ವೈದ್ಯರು ಮತ್ತೆ ವಿದ್ಯಾರ್ಥಿಗಳಿಗೆ ಒಂದು ಪ್ರಶ್ನೆ ಕೊಟ್ಟಿದ್ರು: ಸಾವಿರದಲ್ಲಿ ಒಬ್ಬರಿಗೆ ಬರೋ ಕಾಯಿಲೆ, ಅದಕ್ಕೊಂದು ಟೆಸ್ಟ್, ಕಾಯಿಲೆ ಇಲ್ಲದವರಲ್ಲೂ ನೂರಕ್ಕೆ 5 ಜನಕ್ಕೆ ಪಾಸಿಟಿವ್ ಅಂತ ತೋರಿಸುತ್ತೆ. ರೋಗಲಕ್ಷಣ ಏನೂ ಗೊತ್ತಿಲ್ಲದ ಒಬ್ಬರಿಗೆ ಪಾಸಿಟಿವ್ ಬಂತು, ನಿಜವಾಗಲೂ ಕಾಯಿಲೆ ಇರೋ ಸಾಧ್ಯತೆ ಎಷ್ಟು? 27 ಜನ ನೂರಕ್ಕೆ 95 ಅಂದ್ರು. ಸಾವಿರ ಜನರನ್ನ ಎಣಿಸಿ ನೋಡಿ. ಕಾಯಿಲೆ ಇರೋದು ಒಬ್ಬರಿಗೆ, ಟೆಸ್ಟ್ ಅವರನ್ನ ಹಿಡೀತು ಅಂತಿಟ್ಕೊಳ್ಳಿ. ಉಳಿದ 999 ಜನರಲ್ಲಿ ಸುಮಾರು 50 ಜನಕ್ಕೆ ಸುಮ್ಮನೆ ಪಾಸಿಟಿವ್. ಒಟ್ಟು 51 ಪಾಸಿಟಿವ್‌ನಲ್ಲಿ ನಿಜವಾದ ರೋಗಿ ಒಬ್ಬರು, ಅಂದ್ರೆ ನೂರಕ್ಕೆ ಸುಮಾರು 2. ಸರಿಯಾಗಿ ಹೇಳಿದ್ದು 11 ಜನ. ಕೈಯಲ್ಲಿರೋ ರಿಪೋರ್ಟ್ ಕಾಣ್ಸುತ್ತೆ, ಹಿಂದೆ ನಿಂತಿರೋ ಆ 999 ಆರೋಗ್ಯವಂತರು ಕಾಣ್ಸಲ್ಲ. ಶೇಕಡಾ ಬಿಟ್ಟು ಸಾವಿರ ಜನ ಅಂತ ಎಣಿಸೋಕೆ ಶುರು ಮಾಡಿದ್ರೆ ಇಂಥ ಲೆಕ್ಕ ಬಹಳ ಜನಕ್ಕೆ ತಟ್ಟನೆ ಹೊಳೆಯುತ್ತೆ, ಇದನ್ನ ಅಭ್ಯಾಸ ಮಾಡ್ಕೊಳ್ಳಿ. ಆದ್ರೆ ಒಂದು ಮಾತು, ಲಕ್ಷಣ ಇದ್ದು ಡಾಕ್ಟರ್ ಅನುಮಾನಪಟ್ಟು ಬರೆದ ಟೆಸ್ಟಿಗೆ ಈ 2 ಅನ್ನೋ ಸಂಖ್ಯೆ ಹಿಡ್ಕೊಂಡು ಕೂರಬೇಡಿ, ಅಲ್ಲಿ ಶುರುವಿನ ಸಾಧ್ಯತೆನೇ ಬೇರೆ.

ಜೂಜಿನವರ ತಪ್ಪು ಎಲ್ಲರಿಗೂ ಗೊತ್ತಿರೋದು, ಬೇಗ ಹೇಳಿ ಮುಗಿಸ್ತೀನಿ. 1913ರ ಆಗಸ್ಟ್ 18ರಂದು ಮಾಂಟೆ ಕಾರ್ಲೋದ ಕ್ಯಾಸಿನೋದಲ್ಲಿ ರೂಲೆಟ್ ಅನ್ನೋ ಕೆಂಪು, ಕಪ್ಪು ಮನೆಗಳ ಜೂಜಿನ ಚಕ್ರದ ಚೆಂಡು ಸತತ 26 ಸಲ ಕಪ್ಪಿಗೇ ಬಿತ್ತು, ಇನ್ನು ಕೆಂಪು ಬರಲೇಬೇಕು ಅಂತ ಜನ ದುಡ್ಡು ಸುರಿದು ಕಳ್ಕೊಂಡ್ರು. ಚಕ್ರಕ್ಕೆ ಹಿಂದಿನ ಸುತ್ತು ನೆನಪಿರಲ್ಲ.

ಇದಕ್ಕಿಂತ ಹೆಚ್ಚು ಹಾನಿ ಮಾಡೋದು ಅಂತ ನಾನು ನಂಬಿರೋ ತಪ್ಪು ಬೇರೆ ಇದೆ, ಅದರ ಬಗ್ಗೆ ಮಾತಾಡೋರು ಕಮ್ಮಿ. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಇಸ್ರೇಲ್ ವಾಯುಪಡೆಯ ವಿಮಾನ ತರಬೇತುದಾರರಿಗೆ ಪಾಠ ಮಾಡುವಾಗ, ಬೈಯೋದಕ್ಕಿಂತ ಹೊಗಳಿದ್ರೆ ಜನ ಚೆನ್ನಾಗಿ ಕಲೀತಾರೆ ಅಂದ್ರು. ಒಬ್ಬ ಹಿರಿಯ ತರಬೇತುದಾರ ಎದ್ದು ನಿಂತು, ನಮ್ಮ ಅನುಭವ ಹಾಗಿಲ್ಲ, ಚೆನ್ನಾಗಿ ಹಾರಿಸಿದವನನ್ನ ಹೊಗಳಿದ್ರೆ ಮುಂದಿನ ಸಲ ಕೆಡಿಸ್ತಾನೆ, ಕೆಟ್ಟದಾಗಿ ಹಾರಿಸಿದವನಿಗೆ ಬೈದ್ರೆ ಮುಂದಿನ ಸಲ ಸುಧಾರಿಸ್ತಾನೆ ಅಂದ. ಅವನು ಕಂಡಿದ್ದು ನಿಜ, ಅದರಿಂದ ತೆಗೆದ ತೀರ್ಮಾನ ತಪ್ಪು. ಯಾವ ಕೆಲಸದಲ್ಲೂ ಕೌಶಲದ ಜೊತೆ ಅದೃಷ್ಟನೂ ಸೇರಿರುತ್ತೆ, ಒಂದು ಸಲ ತುಂಬಾ ಚೆನ್ನಾಗಿ ಆಯ್ತು ಅಂದ್ರೆ ಆವತ್ತು ಅದೃಷ್ಟನೂ ಕೈ ಹಿಡಿದಿತ್ತು, ಮುಂದಿನ ಸಲ ಅದು ಇರಬೇಕಂತಿಲ್ಲ, ಹಾಗಾಗಿ ತನ್ನ ಮಾಮೂಲಿ ಮಟ್ಟದ ಕಡೆ ವಾಪಸ್ ಬರ್ತಾನೆ, ಹೊಗಳಿದ್ರೂ ಅಷ್ಟೇ ಸುಮ್ಮನಿದ್ರೂ ಅಷ್ಟೇ, ಕೆಟ್ಟ ದಿನದ ನಂತರ ಮೇಲೆ ಬರೋದೂ ಹೀಗೇನೇ. ಕಾನೆಮನ್ ಅಲ್ಲೇ ತರಬೇತುದಾರರ ಕೈಗೆ ನಾಣ್ಯ ಕೊಟ್ಟು, ಬೆನ್ನ ಹಿಂದಿರೋ ಗುರಿಗೆ ನೋಡದೇನೇ ಎರಡೆರಡು ಸಲ ಎಸೆಯೋಕೆ ಹೇಳಿದ್ರು. ಮೊದಲ ಸಲ ಗುರಿಗೆ ಹತ್ತಿರ ಬಿದ್ದವರದ್ದು ಎರಡನೇ ಸಲ ಹೆಚ್ಚಾಗಿ ದೂರ ಬಿತ್ತು, ದೂರ ಬಿದ್ದವರದ್ದು ಹತ್ತಿರ ಬಂತು. ಯಾರೂ ಯಾರಿಗೂ ಬೈದಿರ್ಲಿಲ್ಲ.

ಇದನ್ನ ಯಾಕೆ ಇಷ್ಟು ಉದ್ದ ಹೇಳ್ದೆ ಅಂದ್ರೆ, ಮಕ್ಕಳಿಗೆ ಕಲಿಸೋರು, ತಂದೆ ತಾಯಿ, ಟೀಮ್ ನಡೆಸೋರು ಎಷ್ಟೋ ಜನ ಇದೇ ಅನುಭವದಿಂದ "ಬೈದ್ರೇನೇ ದಾರಿಗೆ ಬರೋದು" ಅನ್ನೋ ಪಾಠ ಕಲ್ತಿದ್ದಾರೆ, ಪ್ರಾಮಾಣಿಕವಾಗಿ ಕಲ್ತಿದ್ದಾರೆ, ಅದರ ಪೆಟ್ಟು ಮಾತ್ರ ಎದುರಿಗಿರೋ ಮಗುವಿಗೆ. ನಿಮ್ಮಣ್ಣನ ಮಾತ್ರೆನೂ ಇದೇ ಸಾಲಿಗೆ ಸೇರುತ್ತೆ, ಮಾತ್ರೆ ನುಂಗೋದು ನೆಗಡಿ ಜೋರಾಗಿರೋ ದಿನ, ಅಲ್ಲಿಂದ ಆಚೆ ಇಳಿಯೋದೇ ತಾನೇ.

ಈಗ ಕ್ರೀಮ್ ಕತೆಯ ಎರಡನೇ ಭಾಗ. ಅದೇ ಸಂಖ್ಯೆಗಳನ್ನ ಇಟ್ಕೊಂಡು, ಕ್ರೀಮ್ ಅನ್ನೋ ಕಡೆ ಬಂದೂಕು ನಿಷೇಧ ಅಂತ ಬರೆದು, ಗುಳ್ಳೆ ಅನ್ನೋ ಕಡೆ ಅಪರಾಧ ಅಂತ ಬರೆದು ಕೇಳಿದ್ರು. ಅಮೆರಿಕದಲ್ಲಿ ಇದು ರಾಜಕೀಯವಾಗಿ ಉರಿಯೋ ವಿಷಯ. ಈಗ ಲೆಕ್ಕ ಚೆನ್ನಾಗಿ ಬರೋರೂ ತಮ್ಮ ಪಕ್ಷಕ್ಕೆ ಹಿತವಾದ ಉತ್ತರ ಬಂದಾಗ ಸರಿಯಾಗಿ ಓದಿದ್ರು, ಹಿತವಾಗದೇ ಇದ್ದಾಗ ಎಡವಿದ್ರು, ಎರಡು ಪಕ್ಷದವರ ನಡುವಿನ ಅಂತರ ಲೆಕ್ಕ ಬಲ್ಲವರಲ್ಲೇ ಇನ್ನೂ ಜಾಸ್ತಿ ಇತ್ತು. ಮರುಪ್ರಯೋಗಗಳಲ್ಲಿ ಇದು ಎಲ್ಲಾ ಕಡೆ ಅಷ್ಟೇ ಬಲವಾಗಿ ಬಂದಿಲ್ಲ, ಸಂಶೋಧಕರಲ್ಲಿ ಇನ್ನೂ ಚರ್ಚೆ ಇದೆ, ಅದನ್ನೂ ಹೇಳಿಬಿಡ್ತೀನಿ. ಆದ್ರೆ ಬುದ್ಧಿವಂತಿಕೆ ಇದ್ದ ಮಾತ್ರಕ್ಕೆ ರಕ್ಷಣೆ ಸಿಗಲ್ಲ ಅನ್ನೋದಕ್ಕೆ ಬೇರೆ ಕಡೆಯಿಂದಲೂ ಆಧಾರ ಇದೆ. 2002ರಲ್ಲಿ ಮನಶ್ಶಾಸ್ತ್ರಜ್ಞೆ ಎಮಿಲಿ ಪ್ರೋನಿನ್ ಮತ್ತೆ ಅವರ ಜೊತೆಗಾರರು ತೋರಿಸಿದ್ದು, ಜನ ಬಯಾಸ್‌ಗಳ ವಿವರಣೆ ಓದಿದ್ಮೇಲೂ ಇದು ಬೇರೆಯವರಿಗೆ ಜಾಸ್ತಿ, ನನಗೆ ಕಮ್ಮಿ ಅಂತಾನೇ ಹೇಳ್ತಾರೆ. 2012ರ ಇನ್ನೊಂದು ಅಧ್ಯಯನದಲ್ಲಿ ಚುರುಕು ಬುದ್ಧಿಯವರಲ್ಲೂ ಈ ಕುರುಡು ಕಮ್ಮಿ ಇರ್ಲಿಲ್ಲ.

ನಿಮಗೆ ಯಾಕೆ ಹೊಳೀಲಿಲ್ಲ ಅನ್ನೋದಕ್ಕೆ ಉತ್ತರ ಇಲ್ಲೇ ಇದೆ. ಅಣ್ಣನ ಮಾತು ಕೇಳುವಾಗ ನೀವು ಅನುಮಾನದಿಂದ ಕೇಳ್ತೀರ, ಹಾಗಾಗಿ ಪಟ್ಟಿ ನೆನಪಾಗುತ್ತೆ. ನಿಮ್ಮ ಆಸೆಯ ವಿಷಯ ಬಂದಾಗ ಅನುಮಾನನೇ ಏಳಲ್ಲ, ಇನ್ನು ಪಟ್ಟಿ ಎಲ್ಲಿಂದ ನೆನಪಾಗ್ಬೇಕು.

ಹಾಗಾದ್ರೆ ಏನು ಮಾಡೋದು? "ನಿಷ್ಪಕ್ಷಪಾತವಾಗಿ ಯೋಚಿಸ್ತೀನಿ" ಅಂತ ನಿರ್ಧಾರ ಮಾಡೋದು ಕೆಲಸಕ್ಕೆ ಬರಲ್ಲ, ಇದನ್ನ ಪರೀಕ್ಷೆ ಮಾಡಿನೇ ನೋಡಿದ್ದಾರೆ. ಚಾರ್ಲ್ಸ್ ಲಾರ್ಡ್, ಮಾರ್ಕ್ ಲೆಪ್ಪರ್ ಮತ್ತೆ ಎಲಿಜಬೆತ್ ಪ್ರೆಸ್ಟನ್ ಅನ್ನೋ ಸಂಶೋಧಕರು 1984ರಲ್ಲಿ ಮರಣದಂಡನೆ ಬೇಕು ಅನ್ನೋರಿಗೂ ಬೇಡ ಅನ್ನೋರಿಗೂ ಅಧ್ಯಯನಗಳ ವರದಿ ಓದೋಕೆ ಕೊಟ್ಟರು. ಕೆಲವರಿಗೆ ಆದಷ್ಟು ನಿಷ್ಪಕ್ಷಪಾತವಾಗಿ ತೂಗಿ ನೋಡಿ ಅಂದ್ರು, ಅದರಿಂದ ಏನೂ ಪ್ರಯೋಜನ ಆಗ್ಲಿಲ್ಲ. ಇನ್ನು ಕೆಲವರಿಗೆ ಬೇರೆ ಮಾತು ಹೇಳಿದ್ರು: ಇದೇ ಅಧ್ಯಯನ, ಇದೇ ವಿಧಾನದಲ್ಲಿ, ಉಲ್ಟಾ ಫಲಿತಾಂಶ ಕೊಟ್ಟಿದ್ರೆ ಆಗಲೂ ನೀವು ಇದನ್ನ ಇಷ್ಟೇ ಒಳ್ಳೇದು ಅಥವಾ ಇಷ್ಟೇ ಕೆಟ್ಟದ್ದು ಅಂತಿದ್ರಾ ಅಂತ ಪ್ರತಿ ಹಂತದಲ್ಲೂ ಕೇಳ್ಕೊಳ್ಳಿ. ಇವರಲ್ಲಿ ವಾಲಿಕೆ ಹೋಯ್ತು.

ಈ ಪ್ರಶ್ನೆಯನ್ನ ನಿಮಗೆ ಖುಷಿ ಕೊಡೋ ಸುದ್ದಿ ಮೇಲೆ ಹಾಕಿ, ಸಿಟ್ಟು ಬರಿಸೋ ಸುದ್ದಿ ಮೇಲೆ ಹಾಕೋದು ಬೇಕಾಗಲ್ಲ, ಅದಕ್ಕೆ ನಾವು ಹೇಗಿದ್ರೂ ತಪ್ಪು ಹುಡುಕ್ತೀವಿ. ಕಾಲೇಜು ಬಿಟ್ಟು ಸೋತ ಹತ್ತು ಜನರ ಪಟ್ಟಿಯನ್ನ ಯಾರಾದ್ರೂ ನಿಮ್ಮ ಮುಂದೆ ಇಟ್ಟಿದ್ರೆ "ಹತ್ತು ಜನರಿಂದ ಏನು ಗೊತ್ತಾಗುತ್ತೆ" ಅಂತಿದ್ರಿ ಅಲ್ವಾ, ಗೆದ್ದವರ ಪಟ್ಟಿಗೂ ಅದೇ ಮಾತು ಹೇಳಬೇಕಿತ್ತು.

ಅಣ್ಣನ ಹತ್ರ ಮಾತಾಡುವಾಗ ಫ್ಯಾಲಸಿ ಅನ್ನೋ ಪದಾನೇ ಬಿಟ್ಟುಬಿಡಿ. "ಯಾಕೆ ನಂಬ್ತೀಯ" ಅಂತ ಕೇಳಿದ್ರೆ ಕಾರಣ ಮೇಲೆ ಕಾರಣ ಬರ್ತವೆ, "ಹೇಗೆ ಕೆಲಸ ಮಾಡುತ್ತೆ, ಒಂದೊಂದೇ ಹೆಜ್ಜೆ ಹೇಳು" ಅಂತ ಕೇಳಿ ನೋಡಿ. ರೋಸೆನ್‌ಬ್ಲಿಟ್ ಮತ್ತೆ ಕೈಲ್ ಅನ್ನೋ ಸಂಶೋಧಕರು 2002ರಲ್ಲಿ ಜಿಪ್ ಥರದ ದಿನಬಳಕೆ ವಸ್ತು ಹೇಗೆ ಕೆಲಸ ಮಾಡುತ್ತೆ ಅಂತ ಜನರಿಂದ ವಿವರವಾಗಿ ಬರೆಸಿದಾಗ, ನನಗೆ ಇದು ಗೊತ್ತು ಅನ್ನೋ ಅಂದಾಜನ್ನ ಅವರೇ ಇಳಿಸಿಕೊಂಡ್ರು, ಯಾರೂ ಅವರ ಬಾಯಿ ಮುಚ್ಚಿಸಬೇಕಾಗ್ಲಿಲ್ಲ. ಇನ್ನೊಂದು, ಏನು ಕಂಡ್ರೆ ಮನಸ್ಸು ಬದಲಾಯಿಸ್ತೀಯ ಅಂತ ಅವರನ್ನ ಕೇಳೋ ಮುಂಚೆ ನಿಮ್ಮ ಉತ್ತರ ಮೊದಲು ಹೇಳಿ. ಮಾತ್ರೆ ತಗೊಂಡವರ ಮತ್ತೆ ತಗೊಳ್ಳದವರ ಹೋಲಿಕೆಯಲ್ಲಿ ವ್ಯತ್ಯಾಸ ಕಂಡ್ರೆ ನಾನು ಒಪ್ತೀನಿ ಅಂತ. ಅದು ನಿಜವಾಗ್ಲೂ ನಿಮ್ಮ ಮನಸ್ಸಲ್ಲಿ ಇದ್ರೆ ಮಾತ್ರ ಹೇಳಿ.

ದಿನದ ಪ್ರತಿ ಸಣ್ಣ ವಿಷಯಕ್ಕೂ ಇದೆಲ್ಲಾ ಮಾಡ್ತಾ ಕೂತ್ರೆ ಬದುಕು ಸಾಗಲ್ಲ, ಮಾಡಬೇಕಾಗಿಯೂ ಇಲ್ಲ, ಅಂದಾಜಿನ ಮೇಲೆ ನಡೆದ್ರೆ ಹೆಚ್ಚಿನ ಕಡೆ ಸರಿಯಾಗೇ ಇರುತ್ತೆ. ಓದು, ಕೆಲಸ, ಚಿಕಿತ್ಸೆ, ದೊಡ್ಡ ದುಡ್ಡು, ಒಬ್ಬ ಮನುಷ್ಯನ ಬಗ್ಗೆ ಕೆಟ್ಟ ತೀರ್ಮಾನ, ಇಂಥ ಕಡೆ ಮಾತ್ರ ನಿಲ್ಲಿ. ಅಲ್ಲಿ ಪೆನ್ನು ಹಿಡೀಲೇಬೇಕು, ಯಾಕಂದ್ರೆ ನೆನಪು ಆಮೇಲೆ ತಿದ್ದಿಕೊಳ್ಳುತ್ತೆ. 1972ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಚೀನಾ ಮತ್ತೆ ಸೋವಿಯತ್ ಒಕ್ಕೂಟಕ್ಕೆ ಹೋಗೋ ಮುಂಚೆ, ಏನೇನು ಆಗಬಹುದು ಅಂತ ಫಿಷ್‌ಹಾಫ್ ಮತ್ತೆ ಬೇಯ್ತ್ ಅನ್ನೋ ಸಂಶೋಧಕರು ಜನರಿಂದ ಶೇಕಡಾವಾರು ಬರೆಸಿಕೊಂಡಿದ್ರು. ಪ್ರವಾಸ ಮುಗಿದ್ಮೇಲೆ ಅವತ್ತು ಎಷ್ಟು ಹೇಳಿದ್ರಿ ಅಂತ ಕೇಳಿದ್ರೆ, ನಡೆದಿದೆ ಅಂತ ಅಂದ್ಕೊಂಡಿದ್ದ ಘಟನೆಗಳಿಗೆ ತಾವು ಕೊಟ್ಟಿದ್ದಕ್ಕಿಂತ ಜಾಸ್ತಿ ಕೊಟ್ಟಿದ್ವಿ ಅಂತ ನೆನಪಿಸಿಕೊಂಡ್ರು, "ನನಗೆ ಆಗ್ಲೇ ಗೊತ್ತಿತ್ತು" ಅನ್ನೋದು ಹೀಗೇ ಹುಟ್ಟುತ್ತೆ. ಅದಕ್ಕೇ ಡಿಗ್ರಿ ವಿಷಯದಲ್ಲಿ ಯಾವ ಕಡೆ ತೀರ್ಮಾನ ಮಾಡಿದ್ರೂ, ಇವತ್ತಿನ ತಾರೀಖು ಹಾಕಿ ಮೂರು ವಿಷಯ ಬರೆದಿಡಿ: ಒಂದು ವರ್ಷದಲ್ಲಿ ಏನಾಗುತ್ತೆ ಅಂತ ಅಂದ್ಕೊಂಡಿದೀರ, ಅದು ಆಗೋ ಸಾಧ್ಯತೆ ನೂರಕ್ಕೆ ಎಷ್ಟು, ಮತ್ತೆ ಯಾವುದು ಕಂಡ್ರೆ ಈ ದಾರಿ ಬಿಟ್ಟು ವಾಪಸ್ ಬರ್ತೀರ. ಮೂರನೇದನ್ನ ಬರೆಯುವಾಗ ಆದಷ್ಟು ಸ್ಪಷ್ಟವಾಗಿ, ತಿಂಗಳು ಸಮೇತ ಬರೀರಿ, ಇಲ್ಲಾಂದ್ರೆ ಆ ಹೊತ್ತಿಗೆ "ಇಷ್ಟು ಕಷ್ಟಪಟ್ಟಾಯ್ತು, ಈಗ ಬಿಟ್ರೆ ಹೇಗೆ" ಅನ್ನೋ ಯೋಚನೆ ಬಂದು ಗೆರೆನ ಮುಂದೆ ಮುಂದೆ ಎಳ್ಕೊಂಡು ಹೋಗುತ್ತೆ. ಬರೆದ ಹಾಳೆಯ ಫೋಟೋ ತೆಗೆದು ನಿಮ್ಮನ್ನ ಹಿಡಿದ ಆ ಫ್ರೆಂಡ್‌ಗೂ ಒಂದು ಕಳಿಸಿಡಿ.